ಚಾದರದಕ್ಕನ ಐದನೇ ಕೋರ್ಸು

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಣಗಿಸುವ ಯಂತ್ರ ಗಡಗಡ ಸದ್ದು ಮಾಡುತ್ತಿದೆ. ಅದರ ಮುಂದೆ ನಿಂತ ಹೆಂಗಸು ಚಾದರ ಮಡಚುತ್ತಾರೆ, ನಡುನಡುವೆ ಕಪಾಟಿಗೆ ಒರಗಿಸಿಟ್ಟ ಮೊಬೈಲಿನತ್ತ ಕಣ್ಣು ಹಾಯಿಸುತ್ತಾರೆ. ಒಂಬತ್ತು ಚಾದರ ನೇರ, ಹತ್ತನೆಯದು ಅಡ್ಡ. ಅಡ್ಡ ಇಟ್ಟವನ್ನು ಎಣಿಸಿದರೆ ಸಾಕು, ಇಡೀ ಅಟ್ಟಿಯ ಲೆಕ್ಕ ಸಿಗುತ್ತದೆ.

"ಏನ್ ಕೇಳ್ಬೇಕೋ ಬೇಗ ಕೇಳ್ಬಿಡಿ. ನಲ್ವತ್ತು ನಿಮಿಷಕ್ಕೆ ಮಿಷನ್ ಕೂಗುತ್ತೆ, ಆಮೇಲೆ ನಾನು ಸಿಗಲ್ಲ" ಎಂದು ಸಂದರ್ಶನಕ್ಕೆ ಬಂದ ನನಗೆ ಹೇಳುತ್ತಾರೆ. ನಿಂತಲ್ಲಿ ನಿಲ್ಲುವ ಜೀವ ಇದಲ್ಲ.

ವಾರ್ಡಿನ ಸಿಬ್ಬಂದಿಯೆಲ್ಲ ಇವರನ್ನು ಕರೆಯುವುದು ಚಾದರದಕ್ಕ ಎಂದು. ಹತ್ತೊಂಬತ್ತು ವರ್ಷಗಳಿಂದ ಇದೇ ಕೋಣೆ, ದಿನಕ್ಕೆ ಹನ್ನೊಂದು ವಾರ್ಡಿಗೆ ನಾನೂರಿಪ್ಪತ್ತು ಚಾದರ. ಇಲ್ಲಿ ಮಲಗಿ ಎದ್ದು ಹೋದ ಸಾವಿರಾರು ಮಂದಿಯಲ್ಲಿ ಒಬ್ಬರೂ ಇವರ ಮುಖ ನೋಡಿಲ್ಲ. ಈಗ ಬಲಭುಜ ಕೈಕೊಟ್ಟಿದೆ. ಭಾರ ಎತ್ತಬೇಡಿ ಎಂದು ಮೇಲಿನ ಮಹಡಿಯ ವೈದ್ಯರೇ ಹೇಳಿದ್ದಾರೆ. ಕಂಪ್ಯೂಟರ್ ವಿಭಾಗದಲ್ಲಿ ಸಹಾಯಕರ ಹುದ್ದೆಯೊಂದು ಖಾಲಿ ಇದೆ, ಇಲ್ಲಿ ದುಡಿಯುವವರಿಗೇ ಮೀಸಲು. ಅದಕ್ಕೆ ಬರುವ ಶನಿವಾರ ಪ್ರೋಗ್ರಾಮಿಂಗ್‌ನ ಆರಂಭಿಕ ಪರೀಕ್ಷೆ. ನಲವತ್ತೈದು ದಾಟಿದವರಿಗೆ ಅವಕಾಶವಿಲ್ಲ. ಇವರಿಗೀಗ ಸರಿಯಾಗಿ ನಲವತ್ತೈದು.

ಮೂರು ತಿಂಗಳ ಹಿಂದೆ ಆನ್‌ಲೈನ್ ಕೋರ್ಸು ಹುಡುಕಲು ಹೊರಟಾಗ ತಲೆ ಕೆಟ್ಟು ಹೋಯಿತಂತೆ. ಒಬ್ಬರು ಈ ಪ್ರೋಗ್ರಾಮಿಂಗ್ ಭಾಷೆ ಸುಲಭ ಎಂದರು, ಇನ್ನೊಬ್ಬರು ಅದರಿಂದ ಹೊಟ್ಟೆ ತುಂಬುವುದಿಲ್ಲ ಎಂದರು. ನಾದಿನಿ ಐದು ನಕ್ಷತ್ರ ಸಿಕ್ಕ ಕೋರ್ಸುಗಳ ಪಟ್ಟಿಯನ್ನೇ ಕಳಿಸಿದಳು. ಒಂದಕ್ಕೆ ಸೇರಿ ಎರಡನೇ ಪಾಠಕ್ಕೆ ತಡವರಿಸಿದರೆ, ಕೋರ್ಸೇ ಸರಿಯಿಲ್ಲವೇನೋ ಎಂಬ ಅನುಮಾನ. ಹಾರಿದರು ಮತ್ತೊಂದಕ್ಕೆ.

"ಎಲ್ಲದ್ರಲ್ಲೂ ಮೊದಲ್ನೇ ಪಾಠ ಒಂದೇ, ಪರದೆ ಮೇಲೆ ನಮಸ್ಕಾರ ಬರ್ಸೋದು. ನಾಲ್ಕು ಭಾಷೇಲಿ ನಮಸ್ಕಾರ ಹೇಳಕ್ಕೆ ಬರ್ತಿತ್ತು, ಮುಂದಿನ್ ಮಾತು ಒಂದ್ರಲ್ಲೂ ಇಲ್ಲ!"

ಬಸ್ ಓಡಿಸುವ ಗಂಡ ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದ್ದು: "ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು."

ಐದನೇ ಕೋರ್ಸನ್ನು ಆರಿಸಿದ್ದು ಬೇರೆಯೇ ಅಳತೆಗೋಲಿನಿಂದ. ಪಾಠ ಯಂತ್ರ ಕೂಗುವುದರೊಳಗೆ ಮುಗಿಯಬೇಕು, ಅಷ್ಟೆ. ಇನ್ನೊಂದು ಕಾರಣವೂ ಇದೆ. "ಇದ್ರಲ್ಲಿ ಮೇಷ್ಟ್ರೇ ಪಾಠದ್ ಮಧ್ಯೆ ತಪ್ಪು ಮಾಡಿ ತಲೆ ಕೆರ್ಕೊಂಡ್ರು. ನಮ್ಮೋರು ಅನ್ನಿಸ್ತು."

ಸ್ವಂತಕ್ಕೆ ಬರೆದ ಮೊದಲ ಪ್ರೋಗ್ರಾಂ ಚಾದರದ್ದೇ. ನಲವತ್ತು ಚಾದರ, ಹತ್ತಕ್ಕೊಂದು ಅಡ್ಡ; ಅಂದರೆ ಎಣಿಕೆಯನ್ನು ಹತ್ತರಿಂದ ಭಾಗಿಸಿ ಶೇಷ ಉಳಿಯದಿದ್ದರೆ ಅಡ್ಡ. ಬಂದ ಉತ್ತರದಲ್ಲಿ ಮೊಟ್ಟಮೊದಲ ಚಾದರವೇ ಅಡ್ಡ! ಕಂಪ್ಯೂಟರ್ ಸೊನ್ನೆಯಿಂದ ಎಣಿಸುತ್ತಿತ್ತು. ಸೊನ್ನೆಯನ್ನು ಹತ್ತರಿಂದ ಭಾಗಿಸಿದರೂ ಶೇಷ ಉಳಿಯುವುದಿಲ್ಲವಲ್ಲ, ಹಾಗಾಗಿ ಅದೂ ಹತ್ತರ ಸಾಲಿಗೇ ಸೇರಿತ್ತು.

"ಕೈಯಲ್ಲಿ ಚಾದರನೇ ಇಲ್ದೆ ಎಣ್ಸೋದು ಯಾವ ಸೀಮೆ ಲೆಕ್ಕ? ಸಿಟ್ಟು ಬಂತು. ಆರನೇ ಕೋರ್ಸ್ ಹುಡುಕ್ತಾ ಕೂತೆ. ಸೇರೋ ಗುಂಡಿ ಮೇಲೆ ಬೆರಳಿಟ್ಟಿದ್ದೆ. ಮಿಷನ್ ಕೂಗಕ್ಕೆ ಇನ್ನೂ ಹನ್ನೊಂದು ನಿಮಿಷ ಇತ್ತು. ವಾಪಸ್ ಬಂದು ಎಣಿಕೆಗೆ ಒಂದು ಕೂಡ್ಸಿ ನೋಡ್ದೆ. ಸರಿಹೋಯ್ತು."

ಇದನ್ನು ಹೇಳುವಾಗ ಅವರ ಕೈ ಮಡಚುವುದನ್ನು ನಿಲ್ಲಿಸುತ್ತದೆ. ಇಡೀ ಬೆಳಿಗ್ಗೆ ಅದು ನಿಂತದ್ದು ಅದೊಂದೇ ಸಲ.

ಇಂಥ ಲೇಖನಗಳ ಕೊನೆಯಲ್ಲಿ ನಾವು ಕೇಳುವ ಮಾಮೂಲಿ ಪ್ರಶ್ನೆಯನ್ನು ನಾನೂ ಕೇಳುತ್ತೇನೆ: ಶನಿವಾರ ಏನೇ ಆಗಲಿ, ಇಷ್ಟು ಕಲಿತದ್ದೇ ದೊಡ್ಡದಲ್ಲವೇ?

ಚಾದರದಕ್ಕ ನನ್ನ ನೋಟ್‌ಬುಕ್ಕಿನತ್ತ ಬೆರಳು ತೋರುತ್ತಾರೆ.

"ಫೇಲಾದ್ರೂ ಪರವಾಗಿಲ್ಲ ಅಂದ್ರು ಅಂತ ಮಾತ್ರ ಬರೀಬೇಡಿ. ನಾನು ಹಾಗಂದಿಲ್ಲ. ನಂಗೆ ಆ ಕೆಲಸ ಬೇಕು."