ಹೊಸ್ತಿಲಜ್ಜಿ ಹೊರಟ ದಿನ

ಸೋಣ ತಿಂಗಳು ಬಂತೆಂದರೆ ನಮ್ಮ ಕಡೆ ಮನೆಯ ಹೊಸ್ತಿಲಿಗೆ ಒಬ್ಬಳು ಅಜ್ಜಿ ಬರುತ್ತಾಳೆ. ಸಿಂಹ ಸಂಕ್ರಮಣಕ್ಕೆ ಬಂದವಳು ಕನ್ಯಾ ಸಂಕ್ರಮಣದವರೆಗೆ ಇರುತ್ತಾಳೆ. ಹೊಸ್ತಿಲಜ್ಜಿ ಎಂದು ನಾವು ಅವಳನ್ನು ಕರೆಯುವುದು. ಆ ಒಂದು ತಿಂಗಳು ಮನೆಯ ಹೆಂಗಸು ಬೆಳಿಗ್ಗೆ ಮಿಂದು, ಹೊಸ್ತಿಲು ತೊಳೆದು, ಶೇಡಿ ಮಣ್ಣು ಕಲಸಿದ ಬಿಳಿ ನೀರಿನಲ್ಲಿ ಗೆರೆ ಎಳೆದು, ಹೂವಿಟ್ಟು ಕೈಮುಗಿಯಬೇಕು. ಇದಕ್ಕೆ ಹೊಸ್ತಿಲು ಬರೆಯುವುದು ಎನ್ನುತ್ತೇವೆ. ಬರೆದು ಆಗುವ ತನಕ ಯಾರೂ ಅದನ್ನು ದಾಟಬಾರದು ಎಂಬುದು ನಮ್ಮ ಅತ್ತೆಯವರು ಇಟ್ಟ ಕ್ರಮ. ಅತ್ತೆ ಹೋಗಿ ಹತ್ತು ವರ್ಷವಾದ ಮೇಲೂ, ದಾಟುವವಳು ನಾನೊಬ್ಬಳೇ ಆದ ಮೇಲೂ, ಆ ತಿಂಗಳಲ್ಲಿ ಬರೆಯದೆ ನಾನು ಹೊರಗೆ ಕಾಲಿಟ್ಟವಳಲ್ಲ.

ನಮ್ಮ ಮನೆ ಕಿರಿಮಂಜೇಶ್ವರದಲ್ಲಿ, ಹೆದ್ದಾರಿಗೂ ಕಡಲಿಗೂ ನಡುವೆ. ಮಳೆಗಾಲದಲ್ಲಿ ಒಂದು ಕಿವಿಗೆ ಬಸ್ಸಿನ ಹಾರನ್ನು, ಇನ್ನೊಂದು ಕಿವಿಗೆ ಕಡಲಿನ ಸದ್ದು. ಯಜಮಾನರು ಪುಣೆಯಲ್ಲಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು. ದೀಪಾವಳಿಗೊಮ್ಮೆ, ಮೇ ತಿಂಗಳಲ್ಲೊಮ್ಮೆ ಬರುತ್ತಿದ್ದರು. ಮಗಳನ್ನು ಬ್ರಹ್ಮಾವರಕ್ಕೆ ಕೊಟ್ಟಿದ್ದೇವೆ. ಅವಳ ಕೈಯಲ್ಲಿ ಆಗ ಎಳೆಮಗು. ಇಬ್ಬರೂ ಭಾನುವಾರ ಫೋನು ಮಾಡುತ್ತಿದ್ದರು. ಹೇಗಿದ್ದೀ ಎಂದು ಕೇಳುತ್ತಿದ್ದರು. ಅಡ್ಡಿಲ್ಲೆ ಎಂದು ನಾನು ಹೇಳುತ್ತಿದ್ದೆ. ನಮ್ಮೂರಲ್ಲಿ ಹೇಗಿದ್ದೀ ಎಂದು ಕೇಳಿದರೆ ಹೇಳುವುದೇ ಹಾಗೆ. ಬೇರೆ ಉತ್ತರ ಉಂಟು ಎಂದು ನನಗೆ ಯಾರೂ ಕಲಿಸಿರಲಿಲ್ಲ.

ನೋವು ಮೊದಲು ಬಂದದ್ದು ಮಣಿಕಟ್ಟಿಗೆ. ಅಕ್ಕಿ ಅರೆದದ್ದು ಹೆಚ್ಚಾಯಿತು ಎಂದುಕೊಂಡೆ. ಆಮೇಲೆ ಬೆರಳುಗಳ ಬುಡ ಊದಿತು. ನಂತರ ಮೊಣಕಾಲು. ಬೆಳಿಗ್ಗೆ ಎದ್ದಾಗ ಕೈ ನನ್ನದಲ್ಲ, ಯಾರದೋ ಮರದ ಕೈಯನ್ನು ತಂದು ಸಿಕ್ಕಿಸಿದ ಹಾಗೆ. ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ ತುಂಬಿ, ನೀರು ಬಿಸಿ ಮಾಡಿ, ಅದರಲ್ಲಿ ಕೈ ಮುಳುಗಿಸಿ ಕೂತರೆ ಒಂದು ಗಂಟೆಯ ಮೇಲೆ ಬೆರಳು ಮಡಚಲು ಒಪ್ಪುತ್ತಿತ್ತು. ಆದರೆ ಸಿಪ್ಪೆ ತುಂಬಿ ಬೆಂಕಿ ಹಚ್ಚುವುದೂ ಅದೇ ಕೈಯಿಂದಲೇ ಆಗಬೇಕಲ್ಲ. ಬೆಂಕಿಕಡ್ಡಿ ಗೀರಲು ಬಾರದ ದಿನ ಪೆಟ್ಟಿಗೆಯನ್ನು ಕಾಲಿನ ಅಡಿಯಲ್ಲಿ ಒತ್ತಿ ಹಿಡಿದು, ಕಡ್ಡಿಯನ್ನು ಎರಡು ಅಂಗೈಯ ನಡುವೆ ಇಟ್ಟು ಗೀರಿದ್ದುಂಟು.

ಹೀಗೆ ಒಂದೊಂದಕ್ಕೂ ಒಂದೊಂದು ಉಪಾಯ ಹುಡುಕಿದೆ. ನಲ್ಲಿ ತಿರುಗಿಸಲು ಮೊಣಕೈ. ಡಬ್ಬಿಯ ಮುಚ್ಚಳ ತೆಗೆಯಲು ಬಾಗಿಲ ಸಂದು. ರವಿಕೆಗೆ ಹುಕ್ಕಿನ ಬದಲು ಒತ್ತುವ ಗುಂಡಿ. ದೇವರ ಮುಂದೆ ಗಂಟೆ ಎತ್ತಲಾಗದೆ, ಅದನ್ನು ಒಂದು ದಾರದಲ್ಲಿ ಗೂಟಕ್ಕೆ ಕಟ್ಟಿ ಮಣಿಕಟ್ಟಿನಿಂದ ತಟ್ಟುತ್ತಿದ್ದೆ. ದೇವರು ಇದಕ್ಕೆಲ್ಲ ಸಿಟ್ಟು ಮಾಡುವವನಲ್ಲ. ಎಡಗೈಯ ಕಿರುಬೆರಳು ಮಾತ್ರ ಒಂದು ದಿನವೂ ನೋಯಲಿಲ್ಲ. ಮಲಗುವ ಮೊದಲು ಅದೊಂದನ್ನು ಮುಟ್ಟಿ, ಇದನ್ನು ಬಿಟ್ಟೆಯಲ್ಲಪ್ಪ, ದೊಡ್ಡದಾಯಿತು ಎಂದು ಹೇಳಿಕೊಳ್ಳುತ್ತಿದ್ದೆ.

ಊರಿನ ಡಾಕ್ಟರು ಮೂರು ವರ್ಷ ನೋವಿನ ಮಾತ್ರೆ ಕೊಟ್ಟರು. ನಡುವೆ ಕಷಾಯ ಕುಡಿದೆ, ಎಣ್ಣೆ ತಿಕ್ಕಿದೆ, ಕೊಲ್ಲೂರಿಗೆ ಹೋಗಿ ಅಮ್ಮನ ಮುಂದೆ ನಿಂತು ಬಂದೆ. ಕಡೆಗೆ ಒಂದು ದಿನ ಡಾಕ್ಟರು ರಕ್ತದ ವರದಿ ನೋಡಿ, ಇದು ವಯಸ್ಸಿನ ಗಂಟುನೋವಲ್ಲ, ಕೀಲನ್ನು ಒಳಗಿಂದಲೇ ತಿನ್ನುವ ಕಾಯಿಲೆ, ಇದಕ್ಕೆ ಬೇರೆಯೇ ತಜ್ಞರು ಬೇಕು ಎಂದರು. ಅಂಥವರು ಆಗ ನಮ್ಮ ಊರುಗಳಲ್ಲಿ ಇರಲಿಲ್ಲ. ದೂರದಿಂದ ಒಬ್ಬರು ತಿಂಗಳಿಗೊಂದು ಶನಿವಾರ ಕುಂದಾಪುರಕ್ಕೆ ಬರುತ್ತಿದ್ದರು. ಹೆಸರು ಬರೆಸಿದರೆ ನನ್ನ ಸರದಿ ಬಂದದ್ದು ನಾಲ್ಕು ತಿಂಗಳ ಮೇಲೆ. ಬೆರಳು ವಾಲುವುದಕ್ಕೆ ಮೊದಲು ಮದ್ದು ಶುರುವಾಗಬೇಕು, ಆ ದಿನ ಮಾತ್ರ ತಪ್ಪಿಸಬೇಡಿ ಎಂದು ಡಾಕ್ಟರು ಎರಡು ಸಲ ಹೇಳಿದರು. ಪಂಚಾಂಗ ತೆಗೆದು ನೋಡಿದೆ. ಅದು ಕನ್ಯಾ ಸಂಕ್ರಮಣದ ದಿನ, ಅಜ್ಜಿ ಹೊರಡುವ ದಿನವೇ.

ಅದನ್ನು ಶುಭ ಎಂದೇ ತಿಳಿದೆ. ಮಳೆಗಾಲದ ಕಷ್ಟಗಳನ್ನೆಲ್ಲ ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಾಳೆ ಎಂದು ಅತ್ತೆ ಹೇಳುತ್ತಿದ್ದರು. ಈ ಸಲ ಒಂದು ದಿನವೂ ಬಿಡದೆ, ಯಾರ ಸಹಾಯವೂ ಇಲ್ಲದೆ ಬರೆಯುತ್ತೇನೆ, ನನ್ನ ನೋವನ್ನೂ ಕಟ್ಟಿಕೊಂಡು ಹೋಗು ಎಂದು ಬೇಡಿಕೊಂಡೆ.

ಶೇಡಿಯಲ್ಲಿ ಬರೆಯುವುದೆಂದರೆ ಬಟ್ಟೆಯ ಚೂರನ್ನು ಬಿಳಿ ನೀರಿಗೆ ಅದ್ದಿ, ಮೂರು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಹಿಂಡುತ್ತಾ ಹೋಗುವುದು. ನೀರು ಬೆರಳ ತುದಿಯಿಂದ ಇಳಿದು ಗೆರೆಯಾಗುತ್ತದೆ. ಹಿಂಡುವ ಶಕ್ತಿಯಿಲ್ಲದ ಕೈಗೆ ಅದು ಗೆರೆಯಾಗಲಿಲ್ಲ, ತೊಟ್ಟಿಕ್ಕಿತು. ಮೊದಲ ವಾರ ಹೇಗೋ ನಡೆಸಿದೆ. ಎರಡನೇ ವಾರ ಬಟ್ಟೆ ಬಿಟ್ಟು ಬೆರಳನ್ನೇ ಅದ್ದಿದೆ. ಅದೂ ಆಗದೆ ಹೋದಾಗ ಅಂಗೈಯ ಅಂಚನ್ನು ಶೇಡಿಗೆ ಅದ್ದಿ ಹೊಸ್ತಿಲಿಗೆ ಒತ್ತಿದೆ. ಕುಕ್ಕರುಗಾಲಿನಲ್ಲಿ ಕೂರಲಾಗದೆ ಕಾಲು ಚಾಚಿ ಪಕ್ಕಕ್ಕೆ ಒರಗಿಕೊಂಡು ಬರೆಯುತ್ತಿದ್ದೆ. ಬರೆದು ಮುಗಿದ ಮೇಲೆ ಏಳುವುದಕ್ಕೆ ಬಾಗಿಲನ್ನು ಹಿಡಿದು ಇನ್ನೊಂದು ಕಾಲು ಗಂಟೆ.

ಮೂರನೇ ವಾರದ ಒಂದು ಬೆಳಿಗ್ಗೆ ಮೀನಿನ ಅಕ್ಕ ಬಂದಳು. ಮರವಂತೆಯ ಕಡೆಯವಳು. ಬುಟ್ಟಿ ಹೊತ್ತು ಇಪ್ಪತ್ತು ವರ್ಷದಿಂದ ನಮ್ಮ ಅಂಗಳಕ್ಕೆ ಬರುವವಳು. ವಾರದಲ್ಲಿ ನಾನು ಮುಖ ನೋಡಿ ಮಾತಾಡುವ ಮನುಷ್ಯಳು ಎಂದರೆ ಅವಳೊಬ್ಬಳೇ. ಬುಟ್ಟಿ ಇಳಿಸಿ ಹೊಸ್ತಿಲನ್ನೇ ನೋಡಿದಳು.

“ಹ್ವಾಯ್ ಅಮ್ಮಾ, ಈ ವರ್ಷ ಹೊಸ್ತ್ಲ್ ಬರದ್ದ್ ನೀವಾ, ಕೋಳಿಯಾ?”

“ಕೋಳಿಗೂ ಒಂದ್ಚೂರ್ ಪುಣ್ಯ ಬರ್ಲಿ,” ಎಂದೆ.

ಅವಳು ನಗಲಿಲ್ಲ. ಕೈ ತೋರಿಸಿ ಎಂದಳು. ನಾನು ಸೆರಗಿನೊಳಗೆ ಎಳೆದುಕೊಂಡು ಅಡ್ಡಿಲ್ಲೆ ಎಂದೆ.

“ಅಡ್ಡಿಲ್ದಿದ್ದ್ ಕೈ ಸೆರಗಿನೊಳ್ಗೆ ಎಂತಕೆ ಹೋತ್ತ್?”

ಅವಳು ಅಂಗಳದಲ್ಲೇ ಕೂತು ಬಂಗುಡೆಯನ್ನು ಕೊಯ್ದು, ತೊಳೆದು, ಪಾತ್ರೆಗೆ ಹಾಕಿ ಜಗುಲಿಯ ಮೇಲಿಟ್ಟು ಹೋದಳು. ಅಂದಿನಿಂದ ಅವಳು ನನಗೆ ಕೊಯ್ಯದ ಮೀನು ಕೊಡಲಿಲ್ಲ. ಅವಳು ಹೋದ ಮೇಲೆ ಬಾಗಿಲ ಬಳಿ ಕೂತು ಅತ್ತುಬಿಟ್ಟೆ. ನೋವಿಗೆ ಅಲ್ಲ. ಅಷ್ಟು ದಿನದಲ್ಲಿ ಕೈ ತೋರಿಸಿ ಎಂದವಳು ಅವಳೊಬ್ಬಳೇ ಆಗಿದ್ದಳು, ಅವಳಿಗೂ ನಾನು ತೋರಿಸಲಿಲ್ಲವಲ್ಲ ಎಂದು.

ಸಂಕ್ರಮಣ ಬಂತು. ಆ ದಿನ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆ. ದೊಡ್ಡ ಡಾಕ್ಟರ ಬಳಿ ಹೋಗುವುದು, ಮುದುರಿಕೊಂಡು ಹೋಗಬಾರದು ಎಂದು ನಸುಕಿನಲ್ಲೇ ಎದ್ದು, ಕೈಯನ್ನು ಎಂದಿಗಿಂತ ಹೆಚ್ಚು ಹೊತ್ತು ಬಿಸಿನೀರಿನಲ್ಲಿ ಇಟ್ಟೆ. ಗಂಜಿ ಉಂಡು ನೋವಿನ ಮಾತ್ರೆ ಒಂದರ ಬದಲು ಎರಡು ನುಂಗಿದೆ. ಹೊಸ್ತಿಲು ಬರೆದೆ. ಮದುವೆಗೆ ಉಡುವ ಸೀರೆ ಉಟ್ಟೆ. ಬಸ್ಸಿನ ಸರಳು ಹಿಡಿಯಲಾಗದೆ ಅದಕ್ಕೆ ಮೊಣಕೈ ಸಿಕ್ಕಿಸಿ ಹತ್ತಿದಾಗ ಕಂಡಕ್ಟರು ಸೀಟಿ ಊದದೆ ಕಾದ. ನಮ್ಮ ಕಡೆಯ ಬಸ್ಸಿನಲ್ಲಿ ಅಷ್ಟು ಹೊತ್ತು ಯಾರಿಗೂ ಕಾಯುವುದಿಲ್ಲ. ಅವನ ಮಕ್ಕಳು ಚೆನ್ನಾಗಿರಲಿ.

ಕ್ಲಿನಿಕ್ಕಿನಲ್ಲಿ ಎರಡು ಗಂಟೆ ಕೂತೆ. ಸುತ್ತ ಕೂತವರ ಜೊತೆ ಯಾರಾದರೊಬ್ಬರು ಬಂದಿದ್ದರು. ಒಬ್ಬರ ಚೀಲ ಇನ್ನೊಬ್ಬರು ಹಿಡಿಯುವರು, ಒಬ್ಬರ ಚಪ್ಪಲಿ ಇನ್ನೊಬ್ಬರು ಸರಿಸಿ ಇಡುವರು. ನನ್ನ ಚೀಲ ನನ್ನ ತೊಡೆಯ ಮೇಲೆ ಇತ್ತು. ಹೆಸರು ಕರೆದಾಗ ಒಳಗೆ ಹೋದೆ. ತಜ್ಞರು ಹೆಂಗಸು, ಘಟ್ಟದ ಮೇಲಿನವರು, ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವರು ಇದ್ದಾರು. ಕಾಗದ ನೋಡುತ್ತಲೇ, ಹೇಗಿದೀರಮ್ಮ ಎಂದು ಕೇಳಿದರು.

“ಅಡ್ಡಿಲ್ಲೆ,” ಎಂದೆ.

ಕೈ ಮುಟ್ಟಿ ನೋಡಿದರು. ಬಿಸಿನೀರು, ಎರಡು ಮಾತ್ರೆ, ಮಧ್ಯಾಹ್ನದ ಹೊತ್ತು. ಊತ ಆಗ ತಕ್ಕಮಟ್ಟಿಗೆ ಇಳಿದಿತ್ತು. ಒತ್ತಿದರೆ ನೋವಾಗುತ್ತದೆಯೇ ಎಂದರು. ಸ್ವಲ್ಪ ಎಂದೆ. ಮನೆ ಕೆಲಸ ಎಲ್ಲ ನೀವೇ ಮಾಡುತ್ತೀರಾ ಎಂದರು. ಹೌದು, ನಾನೇ ಎಂದೆ. ಅದನ್ನು ಹೇಳುವಾಗ ನನ್ನ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇದ್ದಿರಬೇಕು. ಅವರು ಬರೆಯುತ್ತಾ ಹೋದರು. ಹಾಗಾದರೆ ಅವಸರವೇನಿಲ್ಲ, ಈಗಿನ ಮಾತ್ರೆಯನ್ನೇ ಮುಂದುವರಿಸಿ, ಆರು ತಿಂಗಳು ಬಿಟ್ಟು ಬನ್ನಿ ಎಂದರು.

ಆರು ತಿಂಗಳು. ನಾಲ್ಕು ತಿಂಗಳು ಕಾದು ಬಂದದ್ದು ಇನ್ನು ಆರು ತಿಂಗಳು ಕಾಯುವುದಕ್ಕೆ ಎಂದು ಗೊತ್ತಾದರೂ ನಮಸ್ಕಾರ ಎಂದು ಕೈ ಜೋಡಿಸಿದೆ. ಜೋಡಿಸಿದ ಕೈಯ ಬೆರಳು ಒಂದಕ್ಕೊಂದು ತಾಗಲಿಲ್ಲ, ಅಂಗೈ ಅಂಚು ಮಾತ್ರ ತಾಗಿತು. ಆ ಅಂಚಿನಲ್ಲಿ ಬೆಳಗಿನ ಶೇಡಿ ಒಣಗಿ ಬಿಳಿಯಾಗಿ ಹಿಡಿದಿತ್ತು. ಡಾಕ್ಟರು ಪೆನ್ನು ಇಟ್ಟರು. ಅದೇನು ಸುಣ್ಣವೇ ಎಂದು ಕೇಳಿದರು.

ಅಲ್ಲ, ಹೊಸ್ತಿಲು ಬರೆದದ್ದು ಎಂದೆ. ಬೆರಳಲ್ಲಿ ಬರೆಯುವುದಲ್ಲವೇ, ನಮ್ಮ ಊರಲ್ಲಿ ರಂಗೋಲಿ ಬೆರಳಲ್ಲೇ ಹಾಕುವುದು ಎಂದರು. ಒಂದು ಕಾಗದವನ್ನೂ ಪೆನ್ನನ್ನೂ ನನ್ನ ಮುಂದೆ ತಳ್ಳಿ, ಒಂದು ಗೆರೆ ಎಳೆದು ತೋರಿಸಿ ಎಂದರು. ನಾನು ಪೆನ್ನು ಎತ್ತಲು ಹೋದೆ. ಅದು ಎರಡು ಸಲ ಜಾರಿತು. ಮೂರನೇ ಸಲ ಅಭ್ಯಾಸ ಬಲದಿಂದ ಎರಡು ಅಂಗೈಯ ನಡುವೆ ಅದನ್ನು ಬೆಂಕಿಕಡ್ಡಿಯ ಹಾಗೆ ಹಿಡಿದೆ.

ಅವರು ಮೆಲ್ಲಗೆ ಕೇಳಿದರು: “ಅಡ್ಡಿಲ್ಲ ಅಂದ್ರಲ್ಲಮ್ಮ?”

ಆಗ ಹೇಳಿದೆ. ಬೆಳಗಿನ ಮರದ ಕೈ, ಎರಡು ಮಾತ್ರೆ, ಬಾಗಿಲ ಸಂದು, ಗೂಟಕ್ಕೆ ಕಟ್ಟಿದ ಗಂಟೆ, ಎಲ್ಲ. ಹೇಳಲು ಶುರು ಮಾಡಿದ ಮೇಲೆ ನಿಲ್ಲಿಸಲು ಆಗಲಿಲ್ಲ. ಹೊರಗೆ ಜನ ಕಾಯುತ್ತಿದ್ದರು, ಆದರೂ ಡಾಕ್ಟರು ನನ್ನನ್ನು ನಿಲ್ಲಿಸಲಿಲ್ಲ. ಮೊದಲು ಬರೆದ ಚೀಟಿಯನ್ನು ಹರಿದು ಬೇರೆ ಬರೆದರು. ವಾರಕ್ಕೊಮ್ಮೆ ನುಂಗುವ ಮಾತ್ರೆ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಗುಣ ಕಾಣಲು ಎರಡು ಮೂರು ತಿಂಗಳಾದರೂ ಬೇಕು, ಬಲಗೈಯ ಎರಡು ಬೆರಳು ಆಗಲೇ ವಾಲಿವೆ, ಅವು ಹಾಗೇ ಇರುತ್ತವೆ, ಉಳಿದವನ್ನು ಉಳಿಸಿಕೊಳ್ಳೋಣ ಎಂದರು. ಮುಂದಿನ ತಿಂಗಳ ಶನಿವಾರದ ಪಟ್ಟಿಯಲ್ಲೇ ನನ್ನ ಹೆಸರು ಸೇರಿಸಿದರು.

ಮನೆಗೆ ಬರುವಾಗ ಸಂಜೆ. ಅಜ್ಜಿಯನ್ನು ಕಳಿಸುವುದಕ್ಕೆ ಕಡುಬು ಆಗಬೇಕು. ಹಲಸಿನ ಎಲೆಗೆ ಕಡ್ಡಿ ಚುಚ್ಚಿ ಕೊಟ್ಟೆ ಎಂಬ ದೊನ್ನೆ ಕಟ್ಟುವ ಕೈ ನನ್ನದಾಗಿ ಉಳಿದಿರಲಿಲ್ಲ. ಹಿಟ್ಟನ್ನು ಸ್ಟೀಲಿನ ಲೋಟಕ್ಕೆ ಹೊಯ್ದು ಬೇಯಿಸಿದೆ. ಹೊಸ್ತಿಲ ಮೇಲೆ ಲೋಟವನ್ನೇ ಇಟ್ಟು, ಈ ಸಲ ಇಷ್ಟೇ ಅಜ್ಜಿ ಎಂದೆ. ನೋವನ್ನು ಕಟ್ಟಿಕೊಂಡು ಹೋಗು ಎಂದು ಕೇಳಲಿಲ್ಲ. ಕೈಗೆ ಹತ್ತಿದ ಶೇಡಿಯನ್ನು ತೊಳೆಯುವುದನ್ನು ನನಗೆ ಮರೆಸಿದವಳು ಅವಳೇ ಎಂದು ನನ್ನ ನಂಬಿಕೆ. ಒಬ್ಬ ಅಜ್ಜಿ ಅದಕ್ಕಿಂತ ಹೆಚ್ಚು ಏನು ಮಾಡುತ್ತಾಳೆ.

ಮರುದಿನ ಭಾನುವಾರ ಯಜಮಾನರ ಫೋನು ಬಂತು. ಹೇಗಿದ್ದೀ ಎಂದರು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, “ಕೈ ನೋವಿತ್ತ್, ತಡುಕಾತಿಲ್ಲೆ,” ಎಂದೆ.

ತಡೆಯಲಾಗುತ್ತಿಲ್ಲ ಎಂದು ಅವರಿಗೆ ನಾನು ಹೇಳಿದ್ದು ಅದೇ ಮೊದಲು.

“ಎಷ್ಟ್ ಸಮಯದಿಂದ?”

“ನಾಲ್ಕ್ ವರ್ಷ ಆಯ್ತ್.”

ಅವರು ಹೆಚ್ಚು ಮಾತಿನವರಲ್ಲ. “ದೀಪಾವಳಿಗೆ ಬಪ್ಪತಿಗೆ ಒಂದ್ ಗೀಸರ್ ತತ್ತೆ,” ಎಂದರು. ತಂದರು. ತಾವೇ ನಿಂತು ಗೋಡೆಗೆ ಹಾಕಿಸಿದರು. ಅದರ ಗುಂಡಿಯನ್ನು ಮೊಣಕೈಯಲ್ಲಿ ಒತ್ತಲು ಬರುವಷ್ಟು ಕೆಳಗೆ ಇಡಿಸಿದರು. ನಾಲ್ಕನೇ ದಿನ ಪುಣೆಗೆ ಹೋದರು.

ಮದ್ದು ಚಳಿಗಾಲದ ಹೊತ್ತಿಗೆ ಹಿಡಿಯಿತು. ನೋವು ಹೋಗಲಿಲ್ಲ, ಒಂದು ಮೂಲೆಯಲ್ಲಿ ಕೂತುಕೊಂಡಿತು ಅಷ್ಟೆ. ಮುಂದಿನ ಸೋಣಕ್ಕೆ ಮತ್ತೆ ಬಟ್ಟೆಯ ಚೂರು ಹಿಡಿದೆ. ವಾಲಿದ ಎರಡು ಬೆರಳಿನಿಂದ ಗೆರೆಯೂ ವಾಲಿತು, ಆದರೆ ಗೆರೆಯಾಯಿತು. ಮೀನಿನ ಅಕ್ಕ ಅಂಗಳದಲ್ಲಿ ನಿಂತು ನೋಡಿದಳು.

“ಕೋಳಿ ಶಾಲೆಗೆ ಹೋಪುಕೆ ಶುರು ಮಾಡಿತ್ತ್ ಕಾಣತ್ತ್,” ಎಂದಳು.

ನಾನು ಕೈಯನ್ನು ಸೆರಗಿನಿಂದ ಹೊರಗೆ ತೆಗೆದು ಅವಳಿಗೆ ತೋರಿಸಿದೆ. ಮೀನಿನ ಕೈಯಿಂದ ಮುಟ್ಟಬಾರದೆಂದು ಅವಳು ಬಗ್ಗಿ, ಒಂದೊಂದೇ ಬೆರಳನ್ನು ಕಣ್ಣಿನಲ್ಲಿ ನೋಡಿದಳು. ಆಮೇಲೆ ಬುಟ್ಟಿ ಹೊತ್ತು ಮುಂದಿನ ಮನೆಗೆ ಹೋದಳು. ಮಳೆ ಬಿಟ್ಟಿತ್ತು. ಶೇಡಿ ಒಣಗುವ ತನಕ ಒಳಗೇ ಕಾದು, ದಾಟುವವರು ಬೇರೆ ಯಾರೂ ಇಲ್ಲದ್ದರಿಂದ, ನಾನೇ ಮೆಲ್ಲಗೆ ಕಾಲೆತ್ತಿ ದಾಟಿದೆ.