ಅಶ್ವಗಂಧದ ಜೀವಕೋಶಗಳನ್ನು ಹೆದರಿಸುವ ಕೆಲಸ

ಅಮೆರಿಕದ ಸ್ಟಾಫರ್ಡಿನ ಒಂದು ಲ್ಯಾಬಿನಲ್ಲಿ ನನಗೆ ಸಂಬಳ ಕೊಡುವುದು ಅಶ್ವಗಂಧದ ಜೀವಕೋಶಗಳನ್ನು ಹೆದರಿಸುವುದಕ್ಕೆ. ಗಿಡವಿಲ್ಲ, ಮಣ್ಣಿಲ್ಲ, ಗಾಜಿನ ಫ್ಲಾಸ್ಕಿನಲ್ಲಿ ಸಕ್ಕರೆ ನೀರು ಕುಡಿಯುತ್ತ ಅವು ಬೆಳೆಯುತ್ತವೆ. ಸುಖವಾಗಿರುವಷ್ಟು ದಿನ ಬರೀ ಮೈ ಬೆಳೆಸುತ್ತವೆ, ಔಷಧದ ಅಂಶವನ್ನು ಮಾತ್ರ ಸರಿಯಾಗಿ ತಯಾರಿಸುವುದಿಲ್ಲ. ಬೇಯಿಸಿದ ಬೂಷ್ಟಿನ ಸಾರವನ್ನು ಒಂದಿಷ್ಟು ಹಾಕಿದರೆ, ರೋಗ ಬಂತೆಂದು ಗಾಬರಿಬಿದ್ದು ಕೆಲಸಕ್ಕೆ ಇಳಿಯುತ್ತವೆ.

ಇಷ್ಟನ್ನು ಪಕ್ಕದೂರು ಶುಗರ್ ಲ್ಯಾಂಡಿನ ಡಾಕ್ಟರ್ ಅಂಕಲ್ ಮನೆಯಲ್ಲಿ, ಇಲ್ಲಿನ ಕನ್ನಡ ಬಳಗದವರೆಲ್ಲ ಸೇರಿದ್ದ ಊಟದಲ್ಲಿ ಹೇಳಿದೆ. ಅಂಕಲ್ ಬಿಸಿಬೇಳೆಬಾತಿನ ತಟ್ಟೆ ಕೆಳಗಿಟ್ಟರು.

"ನೋಡಿ, ನಾನು ಹೇಳ್ತಿರೋದೂ ಇದನ್ನೇ. ನಮ್ಮ ಮಕ್ಕಳಿಗೆ ಆರಾಮ ಜಾಸ್ತಿ ಆಗಿದೆ. ಸ್ವಲ್ಪ ಸ್ಟ್ರೆಸ್ ಕೊಟ್ರೆ ಒಳಗಿರೋದು ಹೊರಗೆ ಬರುತ್ತೆ. ಈಗ ಸೈನ್ಸೇ ಹೇಳ್ತಿದೆಯಲ್ಲ."

ಅಂದಿನಿಂದ ನಾನು ಆ ಬಳಗದ ಆಸ್ಥಾನ ವಿಜ್ಞಾನಿಯಾದೆ. ಯಾರ ಮನೆಗೆ ಹೋದರೂ ಮಕ್ಕಳು ನನ್ನನ್ನು ಕಂಡ ಕೂಡಲೇ ಜಾಗ ಖಾಲಿ ಮಾಡುತ್ತಿದ್ದರು. ಒಬ್ಬ ಆಂಟಿ ಮಗನ ಗಿಟಾರನ್ನು ಗ್ಯಾರೇಜಿಗೆ ಹಾಕಿ, "ಡೋಸ್ ಇಷ್ಟು ಸಾಕಾ?" ಎಂದು ಫೋನ್ ಮಾಡಿ ಕೇಳಿದರು. ಡಾಕ್ಟರ್ ಅಂಕಲ್ ಎಲ್ಲರಿಗಿಂತ ಮುಂದೆ ಹೋದರು. ಹೈಸ್ಕೂಲಿನ ಮಗಳಿಗೆ ಇನ್ನೊಂದು ಕೋಚಿಂಗ್ ಸೇರಿಸಿ, ಅವಳಿಗೆ ಜೀವವೇ ಆಗಿದ್ದ ಈಜು ತಂಡದಿಂದ ಹೆಸರು ತೆಗೆಸಲು ಹೊರಟರು. ಅದು ನನ್ನ ಹೆಸರಿನಲ್ಲಿ ನಡೆಯುತ್ತಿದೆ ಎಂದು ತಿಳಿದು ಮೈಯೆಲ್ಲ ಉರಿಯಿತು.

ಮುಂದಿನ ಸಲ ಅವರ ಮನೆಗೆ ಊಟಕ್ಕೆ ಹೋದಾಗ, ಅಂಕಲ್ ಎಲ್ಲರೆದುರೇ ಮಗಳಿಗೆ ಹೇಳಿದರು: "ನಾಳೆ ನಿನ್ನ ಸ್ವಿಮ್ಮಿಂಗ್ ಕೋಚ್‌ಗೆ ಮೇಲ್ ಹಾಕ್ತೀನಿ. ಅಶ್ವಗಂಧದ ಸೆಲ್ಸ್ ಕಥೆ ಕೇಳಿದ್ದೀಯಲ್ಲ."

ಅವಳು ಅಪ್ಪನತ್ತ ನೋಡಲೇ ಇಲ್ಲ. ಔಷಧ ತಯಾರಾದ ಮೇಲೆ ಆ ಜೀವಕೋಶಗಳು ಏನಾಗುತ್ತವೆ ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದಳು.

"ಸೋಸಿ, ಒಣಗಿಸಿ, ಅರೆದುಬಿಡ್ತೀವಿ," ಎಂದೆ. "ಒಳಗಿರೋದು ಹೊರಗೆ ಬರೋದು ಹಾಗೇನೇ. ಆಮೇಲೆ ಒಂದೂ ಉಳಿಯಲ್ಲ."

ಅಂಕಲ್ ನನ್ನತ್ತ ತಿರುಗಿದರು.

"ಅಲ್ಲಮ್ಮ, ಅದು ಗಿಡ. ಗಿಡಕ್ಕೂ ಮಕ್ಕಳಿಗೂ ಎಲ್ಲಿಯ ಹೋಲಿಕೆ?"

ಒಂದು ತಿಂಗಳು ಆ ಹೋಲಿಕೆಯನ್ನೇ ಊರಿಗೆಲ್ಲ ಹಂಚಿದವರ ಬಾಯಿಂದ ಈ ಮಾತು ಕೇಳಿ ನಾನು ನಗು ತಡೆದುಕೊಂಡೆ. ಅವರ ಹೆಂಡತಿ ಮೊಸರನ್ನ ಬಡಿಸುತ್ತಲೇ, "ಹೋಲಿಕೆ ಇಲ್ಲ ಅಂದ್ಮೇಲೆ ಮೇಲ್ ಯಾಕೆ?" ಎಂದರು.

ಅಷ್ಟರಲ್ಲಿ ಮಗಳು ಈಜುಬಟ್ಟೆಯ ಚೀಲ ಹೆಗಲಿಗೇರಿಸಿ, ಅಮ್ಮನ ಹತ್ತಿರ ಕಾರಿನ ಕೀ ಕೇಳುತ್ತ ನಿಂತಿದ್ದಳು.