ಬೇಲಿಯ ಬುಡದ ಹುಗ್ಗಿ

ಬೆಟ್ಟಿಯ ನಾಯಿ ಸತ್ತದ್ದು ನನ್ನಿಂದ. ಅವಳು ಹಕ್ಕಿಗಳಿಗೆ ಹಾಕಿದ ಕಾಳಿನಿಂದ ಅಲ್ಲ. ಇಷ್ಟು ಹೇಳಲು ನನಗೆ ಎಂಟು ವರ್ಷ ಬೇಕಾಯಿತು — ಕೇಳಬೇಕಾದವಳು ಈಗ ಇಲ್ಲ.

ಕಡಲಾಚೆಯ ಕಾಪೆಲ್ ಎಂಬ ಊರಿಗೆ, ಮಗಳು ಸುಮಾಳ ಮನೆಗೆ, ನಾನು ಬಂದ ಮೊದಲ ಧನುರ್ಮಾಸ ಅದು. ನಸುಕಿನಲ್ಲೇ ಹುಗ್ಗಿ ಮಾಡಿ, ದೇವರಿಗೆ ತೋರಿಸಿ, ಮೊದಲ ತುತ್ತನ್ನು ಹಸುವಿಗೆ ಎತ್ತಿಡುವುದು ನಮ್ಮ ಅತ್ತೆಯ ಕಾಲದಿಂದ ಬಂದದ್ದು. ಅಲ್ಲಿ ಹಸು ಎಲ್ಲಿ? ಹಿತ್ತಿಲ ಬೇಲಿಯ ಬುಡದಲ್ಲಿ ಒಂದು ಚಪ್ಪಡಿ ಕಲ್ಲಿತ್ತು. ಸುಮಾ ಏಳುವ ಮೊದಲೇ ಅದರ ಮೇಲಿಟ್ಟು ಬರುತ್ತಿದ್ದೆ. ಯಾವ ಪ್ರಾಣಿ ತಿಂದರೇನು, ಹಸು ತಿಂದ ಹಾಗೆಯೇ ಎಂದುಕೊಂಡೆ.

ಪಕ್ಕದ ಮನೆಯ ಬೆಟ್ಟಿ ನನ್ನ ಓರಗೆಯವಳು, ಗಂಡನನ್ನು ಕಳೆದುಕೊಂಡವಳು. ಕ್ರಿಸ್‌ಮಸ್ ಬಂತೆಂದರೆ ಪೈನ್ ಕಾಯಿಗಳಿಗೆ ಪೀನಟ್ ಬಟರ್ ಮೆತ್ತಿ, ಕಾಳಿನಲ್ಲಿ ಹೊರಳಿಸಿ, ಮರದ ತುಂಬ ತೂಗುಹಾಕುತ್ತಿದ್ದಳು. ಹಕ್ಕಿಗಳಿಗೂ ಹಬ್ಬ ಬೇಡವೇ? ಗಂಡನ ಜೊತೆ ನಲವತ್ತು ವರ್ಷ ಮಾಡಿದ್ದಳಂತೆ. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಆದರೂ ಒಂದು ಕಾಯಿ ಮೆತ್ತಲು ನನ್ನ ಕೈಗೂ ಕೊಟ್ಟಿದ್ದಳು.

ನಾನು ಹುಗ್ಗಿ ಇಡತೊಡಗಿದ ನಾಲ್ಕನೆಯ ದಿನದಿಂದ ಮನೆಯ ಹಿಂದಿನ ಹಳ್ಳದ ಕಡೆಯಿಂದ ಒಂದು ಬೂದು ನಾಯಿ ಬರತೊಡಗಿತು. ಪಕ್ಕೆಲುಬು ಎಣಿಸಬಹುದಿತ್ತು. ಅಯ್ಯೋ ಎನಿಸಿ ತುಪ್ಪ ಹೆಚ್ಚು ಸುರಿದೆ. ಒಂದು ಬೆಳಿಗ್ಗೆ ಅದು ಕಲ್ಲು ನೆಕ್ಕಿ ಮುಗಿಸಿ, ತಲೆಯೆತ್ತಿ, ಬೇಲಿ ಹಾರಿ ಬೆಟ್ಟಿಯ ಹಿತ್ತಿಲಿಗೆ ಹೋಯಿತು. ಅವಳ ಪುಟ್ಟ ನಾಯಿ ಪೆಪ್ಪರ್ — ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ — ಒಂದೇ ಸಲ ಕೂಗಿತು.

ಬೂದು ನಾಯಿ ಪೆಪ್ಪರನ್ನು ಎತ್ತಿಕೊಂಡು ಹೋಯಿತೆಂದು ಸುಮಾಳನ್ನು ಎಬ್ಬಿಸಿದೆ.

"ಅದು ನಾಯಿ ಅಲ್ಲಮ್ಮ, ಕಾಯೋಟಿ. ತೋಳ ಇದ್ದ ಹಾಗೆ. ಊಟದ ವಾಸನೆಗೆ ಬರತ್ತೆ. ನೀನೇನಾದ್ರೂ ಹಿಂದ್ಗಡೆ ಇಡ್ತಿದ್ಯಾ?"

"ಇಲ್ಲ ಕಣೇ. ನಂಗ್ಯಾಕೆ ಬೇಕು ಅದೆಲ್ಲ?"

ಬಾಯಿಂದ ಬಂದುಹೋಯಿತು. ಅಳಿಯನ ಮನೆ, ಹೊಸ ಊರು, ಮಗಳು ಬೈದಾಳು — ಇವೆಲ್ಲ ಆಮೇಲೆ ಹೊಂದಿಸಿಕೊಂಡ ಮಾತು.

ಸಂಜೆ ಕಾಲೊನಿಯವರು ಬಂದು ಬೆಟ್ಟಿಯ ಮರ ನೋಡಿದರು. ಕಾಳು ಉದುರಿದರೆ ಇಲಿ, ಇಲಿ ಬಂದರೆ ಕಾಯೋಟಿ ಎಂದರು. ಬೆಟ್ಟಿ ವಾದ ಮಾಡಲಿಲ್ಲ. ಏಣಿ ತಂದು ಒಂದೊಂದೇ ಕಾಯಿ ಬಿಚ್ಚಿದಳು. ಏಣಿ ಹಿಡಿದುಕೊಂಡವಳು ನಾನು. ಕೆಳಗಿಳಿದು ಏನೋ ಅಂದಳು.

"ನನ್ನ ಪೆಪ್ಪರ್‌ನ ನಾನೇ ಕೊಂದೆ ಅಂತಿದಾರಮ್ಮ," ಎಂದಳು ಸುಮಾ.

ಆಗ ಹೇಳಬಹುದಿತ್ತು. ತಿಳಿಸಿ ಹೇಳಲು ಸುಮಾ ಅಲ್ಲೇ ಇದ್ದಳು. ನಾನು — ಬೆಟ್ಟಿಯ ಬೆನ್ನು ಸವರಿದೆ. ಆಮೇಲಿನ ಯಾವ ಕ್ರಿಸ್‌ಮಸ್‌ಗೂ ಆ ಮರದಲ್ಲಿ ಒಂದು ಕಾಯಿಯೂ ತೂಗಲಿಲ್ಲ. ಹೋದ ತಿಂಗಳು ಅವಳು ತೀರಿಕೊಂಡಳು, ತಾನೇ ಕೊಂದೆ ಎಂದುಕೊಂಡೇ.

ಪೆಪ್ಪರ್ ಹೋದ ಮರುದಿನ ಬೆಳಿಗ್ಗೆ ನಾನೇನು ಮಾಡಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಬಿಸಿನೀರು, ಸೋಪು ಒಯ್ದು ಆ ಕಲ್ಲಿನ ತುಪ್ಪದ ಜಿಡ್ಡು ಹೋಗುವ ತನಕ ಉಜ್ಜಿದೆ. ಅದರ ಮೇಲೆ ರಂಗೋಲಿ ಹಾಕಿದೆ. ಬೇಲಿಯಾಚೆಯಿಂದ ಬೆಟ್ಟಿ ಇಣುಕಿದಳು. ಅತ್ತು ಊದಿದ ಕಣ್ಣಲ್ಲೇ ನಕ್ಕು, "ಬ್ಯೂಟಿಫುಲ್" ಎಂದಳು.

ಆ ಮಾತು ನನಗೆ ಅರ್ಥವಾಯಿತು. ಬಗ್ಗಿ ಇನ್ನೊಂದು ಎಳೆ ಸೇರಿಸಿದೆ.